ಡಿಲೀಟ್ ಒತ್ತಿದರೆ ಫೈಲ್ ನಿಜಕ್ಕೂ ಹೋಗುತ್ತದೆಯೇ? ಆನ್‌ಲೈನ್ ಸೆಂಟರ್‌ನ ಕಂಪ್ಯೂಟರ್, ಹಳೇ ಮೊಬೈಲ್ ಮತ್ತು ನಮ್ಮ ದಾಖಲೆಗಳು

"ಡಿಲೀಟ್ ಮಾಡಿದ ಫೋಟೋನ ಯಾರು ಬೇಕಾದ್ರೂ ವಾಪಸ್ ತೆಗೀಬಹುದು, ಹಳೇ ಫೋನ್ ಮಾರಲೇಬೇಡಿ." "ಒಂದ್ಸಲ ಫಾರ್ಮ್ಯಾಟ್ ಹೊಡೆದ್ರೆ ಎಲ್ಲಾ ಕ್ಲೀನ್, ಹೆದರಬೇಡಿ." ಈ ಎರಡೂ ಬಗೆಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತಲೇ ಇರುತ್ತವೆ. ಒಂದು ಹೆದರಿಸುತ್ತದೆ, ಇನ್ನೊಂದು ಸುಮ್ಮನಾಗಿಸುತ್ತದೆ. ಎರಡೂ ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಹಾಗಾದರೆ ಸತ್ಯ ಎಲ್ಲಿದೆ? ನೋಡೋಣ.

ಚುಟುಕಾಗಿ ಹೇಳುವುದಾದರೆ:

- ಡಿಲೀಟ್ ಮಾಡಿದ ಕೂಡಲೇ ಫೈಲ್ ಅಳಿಸಿಹೋಗುವುದಿಲ್ಲ. ಅದರ ವಿಳಾಸ ಮಾತ್ರ ಅಳಿಸುತ್ತದೆ.
- ಇತ್ತೀಚಿನ ವರ್ಷಗಳ ಸ್ಮಾರ್ಟ್‌ಫೋನನ್ನು ಸರಿಯಾಗಿ ಫ್ಯಾಕ್ಟರಿ ರೀಸೆಟ್ ಮಾಡಿದರೆ ಅದರೊಳಗಿನ ಫೋಟೋ, ದಾಖಲೆಗಳನ್ನು ವಾಪಸ್ ತೆಗೆಯುವುದು ಸಾಮಾನ್ಯರಿಗೆ ಬಿಡಿ, ಪರಿಣತರಿಗೂ ಬಹಳ ಕಷ್ಟ.
- ಹೆಚ್ಚಿನ ಅಪಾಯ ಇರುವುದು ನಾವು ಮರೆತುಬಂದ ಪ್ರತಿಗಳಲ್ಲಿ: ಆನ್‌ಲೈನ್ ಸೆಂಟರ್‌ನ ಕಂಪ್ಯೂಟರ್, ಮೆಮೊರಿ ಕಾರ್ಡ್, ಪೆನ್‌ಡ್ರೈವ್, ಕ್ಲೌಡ್.

2022ರ ಒಂದು ಪ್ರಕಟಣೆ, ಎರಡು ದಿನದ ಗೊಂದಲ

2022ರ ಮೇ 27ರಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು. ಆಧಾರ್ ಝೆರಾಕ್ಸ್ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ, ದುರ್ಬಳಕೆ ಆಗಬಹುದು, ಮೊದಲ ಎಂಟು ಅಂಕಿ ಮರೆಮಾಡಿದ 'ಮಾಸ್ಕ್ಡ್ ಆಧಾರ್' ಬಳಸಿ ಎಂದು ಅದರಲ್ಲಿತ್ತು. ಸುದ್ದಿ ದೇಶವೆಲ್ಲ ಹರಡಿತು, ಜನ ಗಾಬರಿಯಾದರು. ಮೇ 29ರಂದು ಕೇಂದ್ರ ಸರ್ಕಾರ, ಪ್ರಕಟಣೆಯನ್ನು ತಪ್ಪಾಗಿ ಅರ್ಥೈಸಿಕೊಳ್ಳುವ ಸಾಧ್ಯತೆ ಇದೆ ಎಂದು ಅದನ್ನು ವಾಪಸ್ ಪಡೆಯಿತು. ಆಧಾರ್ ಬಳಸುವಾಗ, ಹಂಚಿಕೊಳ್ಳುವಾಗ ಸಾಮಾನ್ಯ ಎಚ್ಚರಿಕೆ ಇದ್ದರೆ ಸಾಕು ಎಂದು ಹೇಳಿತು.

ಈ ಗಲಾಟೆಯಲ್ಲಿ ಅದೇ ಪ್ರಕಟಣೆಯ ಇನ್ನೊಂದು ಮಾತು ಯಾರ ಕಣ್ಣಿಗೂ ಅಷ್ಟಾಗಿ ಬೀಳಲಿಲ್ಲ. ಸೈಬರ್ ಕೆಫೆಯಂಥ ಸಾರ್ವಜನಿಕ ಕಂಪ್ಯೂಟರ್‌ನಲ್ಲಿ ಇ-ಆಧಾರ್ ಡೌನ್‌ಲೋಡ್ ಮಾಡಬೇಡಿ, ಮಾಡಿದರೆ ಆ ಕಂಪ್ಯೂಟರ್‌ನಲ್ಲಿರುವ ಎಲ್ಲ ಪ್ರತಿಗಳನ್ನೂ ಶಾಶ್ವತವಾಗಿ ಡಿಲೀಟ್ ಮಾಡಿ ಎಂದು ಅದು ಹೇಳಿತ್ತು. ಪ್ರಕಟಣೆ ವಾಪಸ್ ಹೋಯಿತು, ಆದರೆ ಆ ಸಲಹೆಯಲ್ಲಿ ತಪ್ಪೇನೂ ಇರಲಿಲ್ಲ. ಪ್ರಶ್ನೆ ಇರುವುದು 'ಶಾಶ್ವತವಾಗಿ ಡಿಲೀಟ್' ಮಾಡುವುದು ಹೇಗೆ ಎಂಬುದರಲ್ಲಿ.

ರಾಯಚೂರು, ದೇವದುರ್ಗ, ಮಾನ್ವಿಯಲ್ಲಿ ನಮ್ಮ ಫೈಲ್‌ಗಳು ಎಲ್ಲಿವೆ?

ಮನೆಯಲ್ಲೇ ಕಂಪ್ಯೂಟರ್, ಪ್ರಿಂಟರ್ ಇಟ್ಟುಕೊಂಡವರಿಗೆ ಈ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ. ಆದರೆ ರಾಯಚೂರು ನಗರದ ಕಚೇರಿಗಳ ಆಸುಪಾಸು, ದೇವದುರ್ಗ ಮತ್ತು ಮಾನ್ವಿಯ ಬಸ್ ನಿಲ್ದಾಣದ ಸುತ್ತಮುತ್ತ ಒಮ್ಮೆ ತಿರುಗಾಡಿದರೆ ಗೊತ್ತಾಗುತ್ತದೆ, ಬಹುತೇಕ ಜನರ ಸರ್ಕಾರಿ ಕೆಲಸ ನಡೆಯುವುದು ಆನ್‌ಲೈನ್ ಸೆಂಟರ್, ಝೆರಾಕ್ಸ್ ಅಂಗಡಿಗಳಲ್ಲೇ. ಜಾತಿ-ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಬೆಳೆ ವಿಮೆ, ಪಹಣಿ, ನೇಮಕಾತಿ ಅರ್ಜಿ ಎಲ್ಲಕ್ಕೂ ಅಲ್ಲಿಗೇ ಹೋಗಬೇಕು. 2023ರ ಜುಲೈನಲ್ಲಿ ಗೃಹಲಕ್ಷ್ಮಿ ಯೋಜನೆಯ ನೋಂದಣಿ ಶುರುವಾದಾಗ ಗ್ರಾಮ ಒನ್, ಕರ್ನಾಟಕ ಒನ್, ಬಾಪೂಜಿ ಸೇವಾ ಕೇಂದ್ರಗಳ ಮುಂದೆ ಹೆಣ್ಣುಮಕ್ಕಳು ಸಾಲುಗಟ್ಟಿ ನಿಂತಿದ್ದು ನೆನಪಿರಬಹುದು.

ಇಂಥ ಅಂಗಡಿಗಳಲ್ಲಿ ಕೆಲಸ ಸಾಮಾನ್ಯವಾಗಿ ಹೀಗೆ ನಡೆಯುತ್ತದೆ: "ಆಧಾರ್ ಈ ನಂಬರಿಗೆ ವಾಟ್ಸಾಪ್ ಮಾಡ್ರಿ" ಎನ್ನುತ್ತಾರೆ. ನಾವು ಕಳಿಸುತ್ತೇವೆ. ಅವರು ಕಂಪ್ಯೂಟರ್‌ನಲ್ಲಿ ವಾಟ್ಸಾಪ್ ವೆಬ್ ತೆರೆದು ಡೌನ್‌ಲೋಡ್ ಮಾಡುತ್ತಾರೆ, ಪ್ರಿಂಟ್ ಕೊಡುತ್ತಾರೆ ಇಲ್ಲವೇ ಅರ್ಜಿಗೆ ಅಪ್‌ಲೋಡ್ ಮಾಡುತ್ತಾರೆ. ಹತ್ತು ನಿಮಿಷದ ಕೆಲಸ. ಆದರೆ ಅಷ್ಟರಲ್ಲಿ ನಮ್ಮ ಆಧಾರ್‌ನ ಪ್ರತಿ ನಮ್ಮ ಫೋನ್, ಅವರ ಫೋನ್, ಅವರ ಕಂಪ್ಯೂಟರ್‌ನ ಡೌನ್‌ಲೋಡ್ಸ್ ಫೋಲ್ಡರ್, ಹೀಗೆ ಕನಿಷ್ಠ ಮೂರು ಕಡೆ ಕೂತಿರುತ್ತದೆ. ಅಂಗಡಿಯವರಿಗೆ ಕೆಟ್ಟ ಉದ್ದೇಶ ಇರಬೇಕೆಂದಿಲ್ಲ. ಸಾಲು ಉದ್ದ ಇರುವಾಗ ಯಾರಿಗೂ ಅಳಿಸುವ ಪುರುಸೊತ್ತು ಇರುವುದಿಲ್ಲ, ಅಷ್ಟೇ. ಮುಂದೊಂದು ದಿನ ಆ ಕಂಪ್ಯೂಟರ್ ಹಳತಾಗಿ ಮಾರಾಟವಾದರೆ, ಸಾವಿರಾರು ಜನರ ದಾಖಲೆ ಅದರೊಂದಿಗೇ ಹೋಗುತ್ತದೆ.

'ಇ-ಆಧಾರ್‌ಗೆ ಪಾಸ್‌ವರ್ಡ್ ಇದೆಯಲ್ಲ' ಎಂದು ಕೆಲವರು ಹೇಳುತ್ತಾರೆ. ನಿಜ, ಇದೆ. ಆದರೆ ಆ ಪಾಸ್‌ವರ್ಡ್ ಏನೆಂಬುದು ಎಲ್ಲರಿಗೂ ಗೊತ್ತು: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಮತ್ತು ಹುಟ್ಟಿದ ವರ್ಷ. ಅದೇ ಫೋಲ್ಡರ್‌ನಲ್ಲಿ ನಮ್ಮ ಅಂಕಪಟ್ಟಿಯೂ ಇದ್ದರೆ ಬೀಗದ ಪಕ್ಕದಲ್ಲೇ ಕೀಲಿ ಇಟ್ಟಂತೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನೂ ಬಿಡಿಸಬೇಕು. ಆಧಾರ್ ಪ್ರತಿ ಸಿಕ್ಕ ಮಾತ್ರಕ್ಕೆ ಬ್ಯಾಂಕಿನಲ್ಲಿರುವ ಹಣ ಖಾಲಿಯಾಗುವುದಿಲ್ಲ. ಹಣ ತೆಗೆಯಲು ಬೆರಳಚ್ಚು, ಒಟಿಪಿ ಅಥವಾ ಪಿನ್ ಬೇಕು. ಆದರೆ ಹೆಸರು, ವಿಳಾಸ, ಹುಟ್ಟಿದ ದಿನಾಂಕ, ಫೋಟೋ, ಬ್ಯಾಂಕ್ ಪಾಸ್‌ಬುಕ್ಕಿನ ಪುಟ ಒಟ್ಟಿಗೇ ಸಿಕ್ಕರೆ ನಿಮ್ಮನ್ನು ನಂಬಿಸಿ ಮೋಸ ಮಾಡುವುದು ವಂಚಕರಿಗೆ ಸುಲಭವಾಗುತ್ತದೆ. "ನಿಮ್ಮ ಗೃಹಲಕ್ಷ್ಮಿ ಹಣ ನಿಂತಿದೆ, ನಿಮ್ಮ ಆಧಾರ್ ನಂಬರ್ ಇದೇ ಅಲ್ವಾ?" ಎಂದು ಫೋನಿನಲ್ಲಿ ಯಾರಾದರೂ ಸರಿಯಾದ ನಂಬರನ್ನೇ ಹೇಳಿದರೆ, ಒಟಿಪಿ ಕೊಟ್ಟುಬಿಡುವವರೇ ಹೆಚ್ಚು.

ಡಿಲೀಟ್ ಎಂದರೆ ಒಳಗೆ ಏನಾಗುತ್ತದೆ?

ಎಪಿಎಂಸಿ ಗೋದಾಮನ್ನು ನೆನಪಿಸಿಕೊಳ್ಳಿ. ಭತ್ತದ ಚೀಲಗಳು ಯಾವ ಸಾಲಿನಲ್ಲಿವೆ ಎಂಬುದಕ್ಕೆ ಒಂದು ರಿಜಿಸ್ಟರ್ ಇರುತ್ತದೆ. ರಿಜಿಸ್ಟರ್‌ನಲ್ಲಿ ಒಂದು ಹೆಸರಿನ ಮೇಲೆ ಗೆರೆ ಎಳೆದು 'ಈ ಜಾಗ ಖಾಲಿ' ಎಂದು ಬರೆದ ಮಾತ್ರಕ್ಕೆ ಚೀಲಗಳು ಮಾಯವಾಗುವುದಿಲ್ಲ. ಬೇರೆಯವರ ಚೀಲ ಆ ಜಾಗಕ್ಕೆ ಬರುವವರೆಗೂ ಹಳೆಯವು ಅಲ್ಲೇ ಇರುತ್ತವೆ. ಗೋದಾಮಿನೊಳಗೆ ನಡೆದು ಹೋಗಿ ನೋಡಿದವರಿಗೆ ಕಾಣುತ್ತವೆ.

ಕಂಪ್ಯೂಟರ್ ಮಾಡುವುದೂ ಇದನ್ನೇ. ಡಿಲೀಟ್ ಒತ್ತಿದರೆ ಫೈಲ್ ಮೊದಲು ರೀಸೈಕಲ್ ಬಿನ್‌ಗೆ ಹೋಗುತ್ತದೆ. ಅಲ್ಲಿಂದಲೂ ತೆಗೆದರೆ, ಅಥವಾ ಶಿಫ್ಟ್ ಮತ್ತು ಡಿಲೀಟ್ ಒಟ್ಟಿಗೆ ಒತ್ತಿದರೆ, ರಿಜಿಸ್ಟರ್‌ನಲ್ಲಿ 'ಖಾಲಿ' ಎಂದು ಗುರುತಾಗುತ್ತದೆ. ಒಳಗಿನ ಮಾಹಿತಿಯ ಮೇಲೆ ಹೊಸದು ಬಂದು ಕೂರುವವರೆಗೂ ಹಳೆಯದು ಹಾಗೇ ಇರುತ್ತದೆ. ಡೇಟಾ ರಿಕವರಿ ಸಾಫ್ಟ್‌ವೇರ್‌ಗಳು ರಿಜಿಸ್ಟರ್ ನೋಡದೆ ನೇರವಾಗಿ ಗೋದಾಮಿಗೇ ನುಗ್ಗುತ್ತವೆ. ಅವುಗಳಲ್ಲಿ ಹಲವು ಉಚಿತವಾಗಿಯೇ ಸಿಗುತ್ತವೆ. 'ಕ್ವಿಕ್ ಫಾರ್ಮ್ಯಾಟ್' ಕೂಡ ಹೀಗೇ, ಇಡೀ ರಿಜಿಸ್ಟರನ್ನು ಹೊಸದಾಗಿ ಬರೆಯುತ್ತದೆ, ಚೀಲಗಳನ್ನು ಮುಟ್ಟುವುದಿಲ್ಲ.

ಇದು ಬರೀ ಊಹೆಯಲ್ಲ. 2003ರಲ್ಲಿ ಅಮೆರಿಕದ ಎಂಐಟಿಯ ಇಬ್ಬರು ಸಂಶೋಧಕರು, ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಟ್, ತಾವು ಕೊಂಡ 158 ಸೆಕೆಂಡ್ ಹ್ಯಾಂಡ್ ಹಾರ್ಡ್ ಡಿಸ್ಕ್‌ಗಳ ಬಗ್ಗೆ ಅಧ್ಯಯನ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129 ಡಿಸ್ಕ್‌ಗಳಲ್ಲಿ ಸರಿಯಾಗಿ ಅಳಿಸಿದ್ದು 12 ಮಾತ್ರ. ಉಳಿದವುಗಳಲ್ಲಿ ಸಾವಿರಾರು ಕ್ರೆಡಿಟ್ ಕಾರ್ಡ್ ನಂಬರ್‌ಗಳು, ವೈದ್ಯಕೀಯ ವಿವರಗಳು, ಖಾಸಗಿ ಪತ್ರಗಳು ಸಿಕ್ಕವು. ದೊಡ್ಡ ಸಂಸ್ಥೆಗಳೂ ಇದಕ್ಕೆ ಹೊರತಲ್ಲ. ಗ್ರಾಹಕರ ಮಾಹಿತಿ ಇದ್ದ ಹಳೆಯ ಯಂತ್ರಗಳನ್ನು ಸರಿಯಾಗಿ ವಿಲೇವಾರಿ ಮಾಡದೆ, ಅವು ಆನ್‌ಲೈನ್ ಹರಾಜಿಗೆ ಬಂದ ಪ್ರಕರಣದಲ್ಲಿ ಮೋರ್ಗನ್ ಸ್ಟಾನ್ಲಿ ಎಂಬ ಹಣಕಾಸು ಸಂಸ್ಥೆಗೆ ಅಮೆರಿಕದ ನಿಯಂತ್ರಕರು 2022ರಲ್ಲಿ 3.5 ಕೋಟಿ ಡಾಲರ್ ದಂಡ ಹಾಕಿದರು.

35 ಸಲ ಅಳಿಸಬೇಕೆ?

'ಕನಿಷ್ಠ 35 ಬಾರಿ ಮೇಲೆ ಬರೆದರೆ ಮಾತ್ರ ಫೈಲ್ ಹೋಗುತ್ತದೆ' ಎಂಬ ಮಾತನ್ನು ಕೆಲವು ಯೂಟ್ಯೂಬ್ ವಿಡಿಯೋಗಳಲ್ಲಿ ಕೇಳಿರಬಹುದು. ಇದರ ಮೂಲ 1996ರಲ್ಲಿ ಪೀಟರ್ ಗುಟ್‌ಮನ್ ಎಂಬ ಸಂಶೋಧಕ ಬರೆದ ಪ್ರಬಂಧ. ಆ ಕಾಲದ ಬೇರೆ ಬೇರೆ ಬಗೆಯ ಎಲ್ಲ ಡಿಸ್ಕ್‌ಗಳಿಗೂ ಸೇರಿಸಿ ಮಾಡಿದ ಪಟ್ಟಿ ಅದು. ಒಂದೇ ಡಿಸ್ಕ್‌ಗೆ 35ನ್ನೂ ಮಾಡುವುದರಲ್ಲಿ ಅರ್ಥವಿಲ್ಲ ಎಂದು ನಂತರ ಗುಟ್‌ಮನ್ ಅವರೇ ಬರೆದಿದ್ದಾರೆ. ಇಂದಿನ ತಿರುಗುವ ಹಾರ್ಡ್ ಡಿಸ್ಕ್‌ಗಳಿಗೆ ಸಾಮಾನ್ಯವಾಗಿ ಒಂದು ಸಲ ಪೂರ್ತಿ ಮೇಲೆ ಬರೆದರೆ ಸಾಕು ಎಂಬುದು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿಯ ಮಾರ್ಗಸೂಚಿ.

ಎಸ್‌ಎಸ್‌ಡಿ, ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳ ಕಥೆ ಬೇರೆ. ಅವುಗಳಲ್ಲಿರುವ ಚಿಪ್ ಪದೇ ಪದೇ ಬರೆದರೆ ಸವೆಯುತ್ತದೆ. ಹಾಗಾಗಿ ಒಂದೇ ಜಾಗ ಸವೆಯದಿರಲಿ ಎಂದು ಒಳಗಿನ ನಿಯಂತ್ರಕವು ಹೊಸ ಮಾಹಿತಿಯನ್ನು ಬೇರೆ ಜಾಗದಲ್ಲಿ ಬರೆಯುತ್ತದೆ. ಅಂದರೆ ನೀವು ಹಳೇ ಫೈಲ್ ಮೇಲೆಯೇ ಬರೆದೆ ಎಂದುಕೊಂಡರೂ ಹಳೆಯದು ಇನ್ನೊಂದು ಮೂಲೆಯಲ್ಲಿ ಉಳಿದಿರಬಹುದು. 2011ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಎಸ್‌ಎಸ್‌ಡಿಗಳಲ್ಲಿ ಒಂದೊಂದೇ ಫೈಲನ್ನು 'ಸುರಕ್ಷಿತವಾಗಿ' ಅಳಿಸುವ ವಿಧಾನಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ ಯಾವುದೂ ಪೂರ್ತಿ ಯಶಸ್ವಿಯಾಗಲಿಲ್ಲ. ಆಪಲ್ ಕಂಪನಿ 2015ರಲ್ಲಿ ತನ್ನ ಕಂಪ್ಯೂಟರ್‌ಗಳಿಂದ 'ಸೆಕ್ಯೂರ್ ಎಂಪ್ಟಿ ಟ್ರ್ಯಾಶ್' ಎಂಬ ಆಯ್ಕೆಯನ್ನೇ ತೆಗೆದುಹಾಕಿತು. ಕಾರಣ ಇದೇ, ಗ್ಯಾರಂಟಿ ಕೊಡಲಾಗುವುದಿಲ್ಲ.

ಹಾಗಾದರೆ ದಾರಿ ಏನು? ಎನ್‌ಕ್ರಿಪ್ಷನ್. ಮಾಹಿತಿಯನ್ನು ಮೊದಲಿನಿಂದಲೇ ಗೂಢಲಿಪಿಯಲ್ಲಿ ಬರೆದಿಟ್ಟರೆ, ಅದನ್ನು ಓದಲು ಒಂದು ಡಿಜಿಟಲ್ ಕೀಲಿ ಬೇಕು. ಆ ಕೀಲಿಯನ್ನು ನಾಶ ಮಾಡಿದರೆ ಸಾಕು. ಚೀಲಗಳು ಗೋದಾಮಿನಲ್ಲೇ ಇದ್ದರೂ ಯಾರಿಗೂ ಉಪಯೋಗಕ್ಕೆ ಬಾರವು. ಹೊಸ ಫೋನ್‌ಗಳು ಮಾಡುವುದು ಇದನ್ನೇ.

ಹಳೇ ಮೊಬೈಲ್ ಮಾರಬಹುದೇ?

ಭಯ ಹುಟ್ಟಿಸುವ ಸಂದೇಶಗಳಿಗೆ ಆಧಾರ ಇಲ್ಲದೇ ಇಲ್ಲ. 2014ರಲ್ಲಿ ಅವಾಸ್ಟ್ ಎಂಬ ಭದ್ರತಾ ಕಂಪನಿ ಆನ್‌ಲೈನ್‌ನಲ್ಲಿ 20 ಹಳೇ ಆಂಡ್ರಾಯ್ಡ್ ಫೋನ್ ಕೊಂಡು ಪರೀಕ್ಷಿಸಿತ್ತು. 40,000ಕ್ಕೂ ಹೆಚ್ಚು ಫೋಟೋಗಳು ವಾಪಸ್ ಸಿಕ್ಕವು, ಅವುಗಳಲ್ಲಿ ತೀರಾ ಖಾಸಗಿ ಚಿತ್ರಗಳೂ ಇದ್ದವು. ಮರುವರ್ಷ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 21 ಫೋನ್ ಪರೀಕ್ಷಿಸಿ, ಆಗಿನ ಆಂಡ್ರಾಯ್ಡ್‌ನ ಫ್ಯಾಕ್ಟರಿ ರೀಸೆಟ್ ಸರಿಯಾಗಿ ಅಳಿಸುತ್ತಿರಲಿಲ್ಲ ಎಂದು ತೋರಿಸಿದರು. ಆದರೆ ಅವರು ಪರೀಕ್ಷಿಸಿದ್ದು ಆಂಡ್ರಾಯ್ಡ್ 2.3ರಿಂದ 4.3ರವರೆಗಿನ ಫೋನ್‌ಗಳನ್ನು. ಈಗ ಹರಿದಾಡುವ ಸಂದೇಶಗಳಲ್ಲಿ ಈ ವಿವರ ಇರುವುದಿಲ್ಲ.

ಆಮೇಲೆ ಪರಿಸ್ಥಿತಿ ಬದಲಾಯಿತು. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಸಾಕಷ್ಟು ವೇಗದ ಹೊಸ ಫೋನ್‌ಗಳಿಗೂ, 2019ರ ಆಂಡ್ರಾಯ್ಡ್ 10ರಿಂದ ಅಗ್ಗದವೂ ಸೇರಿ ಎಲ್ಲ ಹೊಸ ಫೋನ್‌ಗಳಿಗೂ ಎನ್‌ಕ್ರಿಪ್ಷನ್ ಕಡ್ಡಾಯವಾಯಿತು. ಐಫೋನ್‌ಗಳಲ್ಲಿ ಇದು ಅದಕ್ಕೂ ಹಿಂದಿನಿಂದಲೇ ಇದೆ. ಇಂಥ ಫೋನನ್ನು ರೀಸೆಟ್ ಮಾಡಿದಾಗ ಕೀಲಿ ನಾಶವಾಗುತ್ತದೆ. ಆದ್ದರಿಂದ 'ಹಳೇ ಫೋನ್ ಮಾರಲೇಬೇಡಿ' ಎಂಬುದು ಇವತ್ತಿಗೆ ಅತಿರೇಕದ ಮಾತು. 'ರೀಸೆಟ್ ಮಾಡದೆ ಮಾರಲೇಬೇಡಿ' ಎಂದರೆ ಸರಿ. ನೆನಪಿಡಿ, ಮೆಮೊರಿ ಕಾರ್ಡ್‌ಗೆ ಸಾಮಾನ್ಯವಾಗಿ ಈ ರಕ್ಷಣೆ ಇರುವುದಿಲ್ಲ. ಅದನ್ನು ಫೋನಿನ ಜೊತೆ ಕೊಡಲೇಬಾರದು.

ಹಾಳಾದ ಫೋನ್‌ಗಳ ವಿಷಯ ಇನ್ನೂ ಸೂಕ್ಷ್ಮ. ಊರೂರು ತಿರುಗಿ ಪ್ಲಾಸ್ಟಿಕ್ ಬುಟ್ಟಿ, ಪಾತ್ರೆ ಕೊಟ್ಟು ಹಳೇ ಮೊಬೈಲ್ ಒಯ್ಯುವವರನ್ನು ನೀವು ನೋಡಿರುತ್ತೀರಿ. ರಾಯಚೂರಿನ ಪಕ್ಕದ ತೆಲಂಗಾಣದಲ್ಲಿ, ರಾಮಗುಂಡಂ ಪೊಲೀಸರು 2024ರ ಆಗಸ್ಟ್‌ನಲ್ಲಿ ಹೀಗೆ ಸಂಗ್ರಹಿಸಿದ ಸುಮಾರು 4,000 ಹಳೇ ಫೋನ್‌ಗಳನ್ನು ವಶಪಡಿಸಿಕೊಂಡು ಬಿಹಾರದ ಮೂವರನ್ನು ಬಂಧಿಸಿದ್ದರು. ಈ ಫೋನ್‌ಗಳನ್ನು ರಿಪೇರಿ ಮಾಡಿ ಸೈಬರ್ ವಂಚಕರಿಗೆ ತಲುಪಿಸಲಾಗುತ್ತಿತ್ತು ಎಂಬುದು ಪೊಲೀಸರ ಆರೋಪ. ಹಾಗೆಂದು ಹಳೇ ಮೊಬೈಲ್ ಕೇಳಿಕೊಂಡು ಬರುವ ಪ್ರತಿಯೊಬ್ಬರೂ ವಂಚಕರಲ್ಲ. ಹೊಟ್ಟೆಪಾಡಿಗೆ ಗುಜರಿ ವ್ಯಾಪಾರ ಮಾಡುವವರೇ ಬಹಳ ಜನ. ಯಾವುದೋ ಫಾರ್ವರ್ಡ್ ನೋಡಿ ಅವರ ಮೇಲೆ ಕೈ ಮಾಡುವುದು ಅಪರಾಧ.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ರೀಸೆಟ್ ಮಾಡಿದರೆ ಫೋಟೋ ಹೋಗುತ್ತದೆ, ಆದರೆ ಫೋನಿನ ಐಎಂಇಐ ಸಂಖ್ಯೆ ಹೋಗುವುದಿಲ್ಲ. ಆ ಫೋನಿನಿಂದ ಮುಂದೆ ಅಪರಾಧ ನಡೆದರೆ ತನಿಖೆಯ ಜಾಡು ಮೊದಲ ಮಾಲೀಕರ ಮನೆಗೂ ಬರಬಹುದು. ಆದ್ದರಿಂದ ಯಾರಿಗೆ, ಯಾವತ್ತು ಕೊಟ್ಟಿರಿ ಎಂಬ ಬರಹ ನಿಮ್ಮ ಹತ್ತಿರ ಇರಲಿ.

ಝೆರಾಕ್ಸ್ ಯಂತ್ರಕ್ಕೂ ನೆನಪಿದೆ

ಚಿಕ್ಕ ಪ್ರಿಂಟರ್‌ಗಳ ಚಿಂತೆ ಬೇಡ. ಆದರೆ ದೊಡ್ಡ ಡಿಜಿಟಲ್ ಝೆರಾಕ್ಸ್ ಯಂತ್ರಗಳಲ್ಲಿ ಹಲವಕ್ಕೆ ಒಳಗೆ ಹಾರ್ಡ್ ಡಿಸ್ಕ್ ಇರುತ್ತದೆ. 2010ರಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯ ವರದಿಗಾರರು ನಾಲ್ಕು ಹಳೇ ಯಂತ್ರ ಕೊಂಡು ನೋಡಿದಾಗ ಪೊಲೀಸ್ ಕಡತಗಳು, ರೋಗಿಗಳ ದಾಖಲೆಗಳು ಸಿಕ್ಕಿದ್ದವು. ಆ ರೋಗಿಗಳ ವಿಮಾ ಸಂಸ್ಥೆ 2013ರಲ್ಲಿ 12 ಲಕ್ಷ ಡಾಲರ್‌ಗೂ ಹೆಚ್ಚು ತೆರಬೇಕಾಯಿತು. ಅಂಗಡಿ ನಡೆಸುವವರು ಯಂತ್ರ ಮಾರುವ ಮುನ್ನ ಮೆಕ್ಯಾನಿಕ್‌ಗೆ ಹೇಳಿ ಡಿಸ್ಕ್ ಅಳಿಸಿಸಬೇಕು, ಇಲ್ಲವೇ ತೆಗೆಸಬೇಕು.

ಡಿಲೀಟ್ ಮಾಡಬಾರದ ಸಂದರ್ಭ

ಯಾರೋ ನಿಮ್ಮ ಫೋಟೋ ಇಟ್ಟುಕೊಂಡು ಬೆದರಿಸುತ್ತಿದ್ದಾರೆ ಎಂದುಕೊಳ್ಳಿ. ಗಾಬರಿಯಲ್ಲಿ, ಮನೆಯವರಿಗೆ ಗೊತ್ತಾದೀತು ಎಂಬ ಭಯದಲ್ಲಿ ಹಲವರು ಮೊದಲು ಮಾಡುವ ಕೆಲಸ ಚಾಟ್ ಅಳಿಸುವುದು. ಹಾಗೆ ಮಾಡಬೇಡಿ. ನಿಮ್ಮ ಕೈಲಿರುವ ಸಾಕ್ಷ್ಯ ಅದೇ. "ದುಡ್ಡು ಕೊಡು, ನಿನ್ನ ಮುಂದೇನೇ ಡಿಲೀಟ್ ಮಾಡ್ತೀನಿ" ಎಂಬ ಮಾತಿಗೂ ಬೆಲೆ ಇಲ್ಲ. ಇನ್ನೊಂದು ಪ್ರತಿ ಎಲ್ಲೂ ಇಲ್ಲ ಎಂದು ಪರದೆ ನೋಡಿ ಹೇಳಲು ಯಾರಿಂದಲೂ ಆಗದು. ಸ್ಕ್ರೀನ್‌ಶಾಟ್, ನಂಬರ್, ಹಣ ಕಳಿಸಿದ್ದರೆ ಅದರ ವಿವರ ಎಲ್ಲವನ್ನೂ ಉಳಿಸಿಕೊಂಡು 1930ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ. ಒಬ್ಬರ ಖಾಸಗಿ ಅಂಗಾಂಗದ ಚಿತ್ರವನ್ನು ಒಪ್ಪಿಗೆ ಇಲ್ಲದೆ ತೆಗೆಯುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು ಶಿಕ್ಷೆ ಇರುವ ಅಪರಾಧ.

ಹಾಗೆಯೇ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಬೇಕಾದ ಎಲೆಕ್ಟ್ರಾನಿಕ್ ದಾಖಲೆಯನ್ನು ಅದು ಅಲ್ಲಿಗೆ ಹೋಗಬಾರದೆಂದೇ ಅಳಿಸುವುದು ಭಾರತೀಯ ನ್ಯಾಯ ಸಂಹಿತೆಯ 241ನೇ ಕಲಂ ಅಡಿ ಅಪರಾಧ. ನಮ್ಮ ಖಾಸಗಿತನ ಕಾಪಾಡಿಕೊಳ್ಳುವುದು ಬೇರೆ, ಸಾಕ್ಷ್ಯ ಅಳಿಸುವುದು ಬೇರೆ.

ಇನ್ನು, ಬೇಕಾದ ಫೋಟೋ ಕೈತಪ್ಪಿ ಅಳಿಸಿದ್ದರೆ ಆ ಮೆಮೊರಿ ಕಾರ್ಡ್ ಅಥವಾ ಕಂಪ್ಯೂಟರ್ ಬಳಸುವುದನ್ನು ಕೂಡಲೇ ನಿಲ್ಲಿಸಿ. ಹೊಸದು ಬಂದು ಕೂರುವ ಮುನ್ನ ಹಳೆಯದನ್ನು ತೆಗೆಯುವ ಅವಕಾಶ ಇರುತ್ತದೆ.

ನಾವು ಏನು ಮಾಡಬಹುದು?

ಆನ್‌ಲೈನ್ ಸೆಂಟರ್‌ಗೆ ಹೋದಾಗ:

- ಸಾಧ್ಯವಿದ್ದ ಕಡೆ ಮಾಸ್ಕ್ಡ್ ಆಧಾರ್ ಕೊಡಿ. ಆಧಾರ್ ಪ್ರಾಧಿಕಾರದ ಜಾಲತಾಣದಿಂದ ನಿಮ್ಮ ಫೋನಿಗೇ ಇಳಿಸಿಕೊಳ್ಳಬಹುದು.
- ಕೆಲಸ ಮುಗಿದ ಮೇಲೆ, "ಡೌನ್‌ಲೋಡ್ಸ್‌ನಲ್ಲಿರೋ ನನ್ನ ಫೈಲ್ ಶಿಫ್ಟ್-ಡಿಲೀಟ್ ಮಾಡ್ರಿ, ವಾಟ್ಸಾಪ್‌ನಲ್ಲೂ ತೆಗೀರಿ" ಎಂದು ಎದುರೇ ನಿಂತು ಕೇಳಿ. ಇದು ಪೂರ್ತಿ ಅಳಿಸುವಿಕೆ ಅಲ್ಲ. ಆದರೆ ಫೋಲ್ಡರ್ ತೆರೆದವರಿಗೆಲ್ಲ ನಿಮ್ಮ ಆಧಾರ್ ಕಾಣುವುದು ಅಷ್ಟರಿಂದಲೇ ತಪ್ಪುತ್ತದೆ.
- ವಾಟ್ಸಾಪ್‌ನಲ್ಲಿ 'ಎಲ್ಲರಿಗೂ ಡಿಲೀಟ್' ಮಾಡಲು ಸುಮಾರು ಎರಡೂವರೆ ದಿನ ಸಮಯ ಇರುತ್ತದೆ. ಮಾಡಿ, ಆದರೆ ಅವರು ಈಗಾಗಲೇ ಕಂಪ್ಯೂಟರ್‌ಗೆ ಇಳಿಸಿಕೊಂಡಿದ್ದು ಇದರಿಂದ ಹೋಗುವುದಿಲ್ಲ.
- ನಿಮ್ಮ ಇಮೇಲ್ ಅಥವಾ ವಾಟ್ಸಾಪ್ ಅಲ್ಲಿ ತೆರೆದಿದ್ದರೆ ಲಾಗೌಟ್ ಮಾಡಿಯೇ ಎದ್ದೇಳಿ.

ಫೋನ್ ಮಾರುವಾಗ:

- ಬೇಕಾದ್ದನ್ನು ಬ್ಯಾಕಪ್ ಮಾಡಿ. ಸಿಮ್, ಮೆಮೊರಿ ಕಾರ್ಡ್ ತೆಗೆಯಿರಿ.
- ಗೂಗಲ್ ಅಥವಾ ಆಪಲ್ ಖಾತೆ, ಯುಪಿಐ ಆ್ಯಪ್‌ಗಳಿಂದ ಹೊರಬನ್ನಿ. ನಂತರ ಸೆಟ್ಟಿಂಗ್ಸ್‌ನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಿ.
- *#06# ಒತ್ತಿ ಐಎಂಇಐ ಬರೆದಿಟ್ಟುಕೊಳ್ಳಿ. ಕೊಂಡವರಿಂದ ರಸೀದಿ ಪಡೆಯಿರಿ.
- ಆನ್ ಆಗದ ಫೋನನ್ನು ಸುತ್ತಿಗೆಯಿಂದ ಕುಟ್ಟಬೇಡಿ, ಕೊರೆಯಬೇಡಿ, ಬ್ಯಾಟರಿ ಹೊತ್ತಿಕೊಳ್ಳುತ್ತದೆ. ಅಯಸ್ಕಾಂತ ಉಜ್ಜಿದರೆ, ನೀರಲ್ಲಿ ಹಾಕಿದರೆ ಚಿಪ್‌ನಲ್ಲಿರುವುದು ಅಳಿಯುವುದಿಲ್ಲ. ಕಂಪನಿಯ ಸರ್ವಿಸ್ ಸೆಂಟರ್ ಅಥವಾ ಅನುಮತಿ ಇರುವ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ.

ಕಂಪ್ಯೂಟರ್, ಪೆನ್‌ಡ್ರೈವ್ ಕೊಡುವಾಗ:

- ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡುವಾಗ 'ಕ್ವಿಕ್ ಫಾರ್ಮ್ಯಾಟ್' ಎದುರಿನ ಟಿಕ್ ತೆಗೆಯಿರಿ. ಆಗ ವಿಂಡೋಸ್ ಇಡೀ ಡ್ರೈವ್ ಮೇಲೆ ಸೊನ್ನೆ ಬರೆಯುತ್ತದೆ. ಸಮಯ ಹಿಡಿಯುತ್ತದೆ, ಕಾಯಿರಿ. ತೀರಾ ಖಾಸಗಿ ಫೈಲ್ ಇದ್ದ ಪೆನ್‌ಡ್ರೈವನ್ನು ಮಾತ್ರ ಯಾರಿಗೂ ಕೊಡದಿರುವುದೇ ಒಳ್ಳೆಯದು.
- ವಿಂಡೋಸ್ ಕಂಪ್ಯೂಟರ್ ರೀಸೆಟ್ ಮಾಡುವಾಗ ಎಲ್ಲವನ್ನೂ ತೆಗೆಯುವ ಆಯ್ಕೆಯ ಜೊತೆ 'ಕ್ಲೀನ್ ಡೇಟಾ' ಎಂಬುದನ್ನೂ ಆರಿಸಿ.
- ಕ್ಲೌಡ್ ಮರೆಯಬೇಡಿ. ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಚಿತ್ರ ಅಳಿಸಿದ ಮೇಲೂ 60 ದಿನ ಕಸದ ಬುಟ್ಟಿಯಲ್ಲಿರುತ್ತದೆ.

ಕೊನೆಯದಾಗಿ, ಈ ಭಾರವೆಲ್ಲ ಅರ್ಜಿ ಹಾಕಲು ಬಂದವರ ಮೇಲೇ ಬೀಳುವುದು ನ್ಯಾಯವಲ್ಲ. ದೇವದುರ್ಗದಿಂದ ಬೆಂಗಳೂರಿಗೆ ದುಡಿಯಲು ಹೊರಟ ಕುಟುಂಬಕ್ಕೆ ಶಿಫ್ಟ್-ಡಿಲೀಟ್ ಕಲಿಸುವುದಕ್ಕಿಂತ ಅಂಗಡಿಯ ಕಂಪ್ಯೂಟರ್‌ನಲ್ಲಿ ದಿನದ ಕೊನೆಗೆ ಎಲ್ಲ ಫೈಲ್ ಅಳಿಸುವ ಪದ್ಧತಿ ತರುವುದು ಸುಲಭ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಹೇಳುವುದೂ ಇದನ್ನೇ: ಕೆಲಸ ಮುಗಿದ ಮೇಲೆ, ಬೇರೆ ಕಾನೂನಿನ ಪ್ರಕಾರ ಇಟ್ಟುಕೊಳ್ಳಬೇಕಾಗಿಲ್ಲದಿದ್ದರೆ, ಪಡೆದ ಮಾಹಿತಿಯನ್ನು ಅಳಿಸಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಕರ್ತವ್ಯಗಳು ಅಲ್ಲಿಂದ 18 ತಿಂಗಳ ನಂತರ ಜಾರಿಗೆ ಬರುತ್ತವೆ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ನಿಮ್ಮ ಊರಿನ ಸೆಂಟರ್‌ನವರು ಪರಿಚಯದವರೇ ಆಗಿರುತ್ತಾರೆ. ಈ ಲೇಖನವನ್ನು ಅವರಿಗೂ ಒಮ್ಮೆ ಫಾರ್ವರ್ಡ್ ಮಾಡಿ.